ಹಾಸನ ಬಿಟ್ಟು ಹೋದರೆ ಹಾರ್ಟ್ ಅಟ್ಯಾಕ್ ತಪ್ಪುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಕಲೇಶಪುರ ತಾಲ್ಲೂಕು ಯಸಳೂರು ಹೋಬಳಿಯ ಒಂದು ಹಳ್ಳಿ. ಎರಡೂವರೆ ಎಕರೆ ಕಾಫಿ ತೋಟ ಇದೆ. ನಮ್ಮನೆಯವರಿಗೆ 44 ವರ್ಷ. ಪಿಕಪ್ ಇಟ್ಟುಕೊಂಡು ಶುಂಠಿ, ತರಕಾರಿ ಬಾಡಿಗೆ ಹೊಡೆಯುತ್ತಾರೆ. ವಾರಕ್ಕೆ ಮೂರ್ನಾಲ್ಕು ರಾತ್ರಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹೋದ ತಿಂಗಳು ಪಕ್ಕದ ಮನೆಯ 41 ವರ್ಷದವರು ಎದೆಯುರಿ ಅಂತ ಸೋಡಾ ಕುಡಿದು ಮಲಗಿದರು, ಬೆಳಗ್ಗೆ ಏಳಲೇ ಇಲ್ಲ. 2025ರಲ್ಲಿ ಟಿವಿಯಲ್ಲಿ ದಿನಾ ಹಾಸನದ ಸುದ್ದಿಯೇ ಬರುತ್ತಿತ್ತಲ್ಲ, ನನಗೆ ಆವಾಗಿನಿಂದಲೇ ಹೆದರಿಕೆ. ಬೆಂಗಳೂರಿನಲ್ಲಿರುವ ನಮ್ಮಣ್ಣ "ಆ ಜಿಲ್ಲೆಯ ನೀರಲ್ಲೋ ಗಾಳಿಯಲ್ಲೋ ಏನೋ ಇದೆ, ತೋಟ ಮಾರಿ ಇಲ್ಲಿಗೆ ಬನ್ನಿ" ಅನ್ನುತ್ತಾನೆ. 62 ವರ್ಷದ ನಮ್ಮತ್ತೆ "ಮಲೆನಾಡಿನ ಗಾಳಿ ಕುಡಿದವರಿಗೆ ಇವೆಲ್ಲ ಬರಲ್ಲ" ಅಂತ ಬಿಪಿ ಮಾತ್ರೆಯನ್ನೇ ಬಿಟ್ಟಿದ್ದಾರೆ. ಗ್ಯಾಸ್ ಇದ್ದರೂ ನಮ್ಮಲ್ಲಿ ಜಾಸ್ತಿ ಅಡಿಗೆ ಸೌದೆ ಒಲೆಯಲ್ಲೇ. ಒಬ್ಬರು ಕೊರೋನಾ ಲಸಿಕೆಯಿಂದ ಹೀಗಾಗ್ತಿದೆ ಅನ್ನುತ್ತಾರೆ, ಇನ್ನೊಬ್ಬರು ದಿನಾ ರಕ್ತ ತೆಳು ಮಾಡುವ ಎಕೋಸ್ಪ್ರಿನ್ ಮಾತ್ರೆ ನುಂಗಿ ಅನ್ನುತ್ತಾರೆ. ಆಂಜಿಯೋಗ್ರಾಂ ಮಾಡಿಸಿಬಿಡಲಾ? ಊರು ಬಿಡಬೇಕಾ?

ಉತ್ತರ: ಪಕ್ಕದ ಮನೆಯಲ್ಲೇ ಸಾವು ನೋಡಿದ ಮೇಲೆ ಹೆದರಿಕೆ ಆಗದೆ ಇರುತ್ತಾ? ನಿಮ್ಮ ಪತ್ರದಲ್ಲಿ ಎರಡು ನಂಬಿಕೆಗಳಿವೆ. ಈ ಊರಲ್ಲಿದ್ದರೆ ಸಾಯುತ್ತೇವೆ ಅನ್ನುವುದು ನಿಮ್ಮಣ್ಣನದು. ಈ ಊರಲ್ಲಿದ್ದರೆ ಏನೂ ಆಗಲ್ಲ ಅನ್ನುವುದು ನಿಮ್ಮತ್ತೆಯವರದು. ಹಾಸನದಲ್ಲಿ ಕೂತು ರೋಗಿಗಳನ್ನು ನೋಡುವ ನನಗೆ ಇವೆರಡೂ ದಿನಾ ಕಿವಿಗೆ ಬೀಳುತ್ತವೆ. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಯಾವುದನ್ನು ಪೂರ್ತಿ ನಂಬಿದರೂ ಅಪಾಯವೇ.

ಮೊದಲು 2025ರ ವಿಷಯ. ಆ ವರ್ಷ ಜೂನ್ ಹೊತ್ತಿಗೆ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ದಿಢೀರ್ ಸಾವುಗಳು ಸಾಲಾಗಿ ಸುದ್ದಿಯಾದವು. ಹಾಸನದವರು ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವವೇ ಹೋಗಿ ಸಾಲು ನಿಂತರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ಅದರಲ್ಲಿ 4 ಸಾವಿಗೆ ಹೃದಯಕ್ಕೆ ಸಂಬಂಧವೇ ಇರಲಿಲ್ಲ. ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಅಸಹಜ ಅನ್ನುವಂಥ ಏರಿಕೆ ಕಾಣಲಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಬಿಪಿ, ಶುಗರ್, ಬೊಜ್ಜು, ಸಿಗರೇಟು, ಕುಡಿತ ಅಂತ ಏನಾದರೂ ಒಂದು ಕಾರಣ ಮೊದಲೇ ಇತ್ತು. ಇನ್ನೊಂದು ವಿಷಯ ನಿಮಗೆ ಮುಖ್ಯ. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು.

ಹಾಗಾದರೆ ಅಷ್ಟೊಂದು ಸಾವು ಒಟ್ಟಿಗೇ ಆದ ಹಾಗೆ ಯಾಕೆ ಕಂಡಿತು? ನಮ್ಮ ಕಡೆ ಮೊದಲಿಂದಲೂ "ಮಲಗಿದ್ದಲ್ಲೇ ಹೋದರು", "ಗ್ಯಾಸ್ಟ್ರಿಕ್ ಆಗಿತ್ತಂತೆ" ಅಂತ ಹೇಳಿ ಮಣ್ಣು ಮಾಡಿ ಬರುತ್ತಿದ್ದ ಸಾವುಗಳೇ ಇವು. ಒಮ್ಮೆ ಎಣಿಸಲು ಶುರು ಮಾಡಿದಾಗ ಕಣ್ಣಿಗೆ ಬಿದ್ದವು. ಅದರಿಂದ ಸಮಾಧಾನ ಆಗಬೇಕಾಗಿಲ್ಲ. 40ರ ಆಸುಪಾಸಿನಲ್ಲಿ ಇಷ್ಟು ಜನ ಹೋಗುವುದು ಮಾಮೂಲಿ ಆಗಿಬಿಟ್ಟಿದೆಯಲ್ಲ, ನನಗೆ ಸಂಕಟ ಆಗುವುದು ಅದಕ್ಕೆ. ಇದು ಹಾಸನಕ್ಕೆ ಮಾತ್ರ ಅಂಟಿದ್ದೂ ಅಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಭಾರತ ಮತ್ತು ಅಕ್ಕಪಕ್ಕದ ದೇಶಗಳವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗುತ್ತದೆ ಅಂತ ಕಂಡುಬಂತು.

ಲಸಿಕೆಯ ಮಾತನ್ನು ಇಲ್ಲಿಗೇ ಮುಗಿಸೋಣ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ದಿಢೀರ್ ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ವರದಿ ಕೊಟ್ಟಿತು. ಲಸಿಕೆಯಿಂದ ಅಪಾಯ ಹೆಚ್ಚಾಗಿರಲಿಲ್ಲ. ಎರಡು ಡೋಸ್ ತೆಗೆದುಕೊಂಡವರಲ್ಲಿ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಬೇರೆ: ಮನೆತನದಲ್ಲಿ ದಿಢೀರ್ ಸಾವು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಿಗರೇಟು, ಸಾವಿಗೆ ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದಿದ್ದು ಅಥವಾ ವಿಪರೀತ ದೇಹದಂಡನೆ ಮಾಡಿದ್ದು.

ನೀರಿನ ವಿಷಯಕ್ಕೆ ಬಂದರೆ, ಅರಸೀಕೆರೆ, ಕಡೂರಿನಂಥ ಒಣ ಸೀಮೆಯಲ್ಲಿ ಕೊಳವೆಬಾವಿ ನೀರಿಗೆ ಫ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಅದು ಕೆಡಿಸುವುದು ಮುಖ್ಯವಾಗಿ ಹಲ್ಲು, ಮೂಳೆಗಳನ್ನು. ನಿಮ್ಮ ಕಡೆಯ ಹಳ್ಳ, ಬಾವಿಯ ನೀರು ಕುಡಿದು ಹಾರ್ಟ್ ಅಟ್ಯಾಕ್ ಆಯಿತು ಅನ್ನುವುದಕ್ಕೆ ಆಧಾರ ಇಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ಇರುವ ಜಾಗಕ್ಕೂ ಕಾಯಿಲೆಗೂ ಸಂಬಂಧ ಇದೆಯಾ? ಖಂಡಿತ ಇದೆ. ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೇಟೆಗಳಲ್ಲಿ ಸಕ್ಕರೆ ಕಾಯಿಲೆ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಅಂದರೆ ಪೇಟೆಯಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಅತ್ತೆಯವರ ಮಾತು ಗೆದ್ದಿತು ಅನ್ನಿಸುತ್ತದೆ ಅಲ್ವಾ? ಆದರೆ ಇದೇ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಲೆಕ್ಕವೂ ಇದೆ. ಪೇಟೆಯಲ್ಲಿ ಶೇ. 15.4, ಹಳ್ಳಿಯಲ್ಲಿ ಶೇ. 15.2. ವ್ಯತ್ಯಾಸವೇ ಇಲ್ಲ. ಹೊಸ್ತಿಲಲ್ಲಿರುವ ಈ ಜನರಲ್ಲಿ ಎಷ್ಟೋ ಮಂದಿ ಕೆಲವೇ ವರ್ಷಗಳಲ್ಲಿ ಒಳಗೆ ಬರುತ್ತಾರೆ. ಹಳ್ಳಿಗೆ ಇದ್ದ ರಕ್ಷಣೆ ಕರಗುತ್ತಾ ಬಂದಿದೆ.

ನಿಮ್ಮಣ್ಣ ಕರೆಯುತ್ತಿರುವ ದಾರಿಯಲ್ಲಿ ಏನಿದೆ ಅನ್ನುವುದಕ್ಕೂ ಒಂದು ಒಳ್ಳೆಯ ಅಧ್ಯಯನ ಇದೆ. ಬೆಂಗಳೂರು, ಹೈದರಾಬಾದ್, ನಾಗಪುರ, ಲಖನೌಗಳ ಕಾರ್ಖಾನೆಗಳಿಗೆ ಹಳ್ಳಿಯಿಂದ ಬಂದು ಸೇರಿದವರನ್ನೂ, ಊರಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2010ರಲ್ಲಿ ಪ್ರಕಟವಾಯಿತು. ಗಂಡಸರ ಲೆಕ್ಕ ಹೇಳುತ್ತೇನೆ. ಊರಲ್ಲೇ ಉಳಿದವರಲ್ಲಿ ಸಕ್ಕರೆ ಕಾಯಿಲೆ ಶೇ. 6.2 ಇದ್ದರೆ, ಪೇಟೆ ಸೇರಿದವರಲ್ಲಿ ಶೇ. 14.3. ಒಂದೇ ತಾಯಿಯ ಮಕ್ಕಳು, ಒಂದೇ ರಕ್ತ. ಬದಲಾಗಿದ್ದು ಊಟ, ನಡಿಗೆ, ಕೆಲಸ. ಬೆಂಗಳೂರಿಗೆ ಹೋದ ಮಾತ್ರಕ್ಕೆ ನಿಮ್ಮನೆಯವರ ಅಪಾಯ ಇಳಿಯುತ್ತದೆ ಅನ್ನುವುದಕ್ಕೆ ಇದರಲ್ಲಿ ಏನೂ ಸಿಗುವುದಿಲ್ಲ. ಏರುವುದಕ್ಕೆ ಬೇಕಾದಷ್ಟು ಇದೆ.

ಹಾಗಂತ ಹಳ್ಳಿಯೇ ಸುರಕ್ಷಿತ ಅಂತ ನಾನು ಹೇಳಲಾರೆ. 17 ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಪ್ಯೂರ್ ಅಧ್ಯಯನದ ವರದಿ 2014ರಲ್ಲಿ ಬಂತು. ಅದರಲ್ಲಿ ಭಾರತವೂ ಇತ್ತು. ಬಿಪಿ, ಬೊಜ್ಜು, ಶುಗರ್‌ನಂಥ ಅಪಾಯಗಳು ಪೇಟೆಯಲ್ಲೇ ಜಾಸ್ತಿ ಇದ್ದವು. ಆದರೂ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಹಳ್ಳಿಯಲ್ಲೇ ಜಾಸ್ತಿ ಆದವು. ಆದವರಲ್ಲಿ ಸತ್ತವರು ಪೇಟೆಯಲ್ಲಿ ಶೇ. 13.5, ಹಳ್ಳಿಯಲ್ಲಿ ಶೇ. 17.25. ಅಪಾಯ ಕಡಿಮೆ, ಸಾವು ಜಾಸ್ತಿ. ಯಾಕೆ? ಬಿಪಿ ಇರುವುದೇ ಗೊತ್ತಿರುವುದಿಲ್ಲ. ಗೊತ್ತಾದರೂ ಮಾತ್ರೆ ಮುಗಿದ ಮೇಲೆ ಮತ್ತೆ ತರುವವರಿಲ್ಲ. ಎದೆನೋವು ಬಂದರೆ ಇಸಿಜಿ ಮಿಷನ್ ಒಂದೂವರೆ ಗಂಟೆ ದೂರ. ಪಕ್ಕದ ಮನೆಯವರ ವಿಷಯದಲ್ಲಿ ಆಗಿದ್ದೂ ಬಹುಶಃ ಇದೇ.

ಜಾಗ ಅನ್ನುವುದು ಹುಟ್ಟಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ನಮ್ಮ ಪಕ್ಕದ ಮೈಸೂರೇ ಜಗತ್ತಿಗೆ ತೋರಿಸಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು ಹಳೆಯ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ, ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ನಮ್ಮ ಕಡೆಯ ರೋಗಿಗಳನ್ನು ನೋಡುವಾಗಲೆಲ್ಲ ನೆನೆಯುತ್ತೇನೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಬಸುರಿಯರು ಅರೆಹೊಟ್ಟೆಯಲ್ಲಿ ಕಾಫಿ ಹಣ್ಣು ಕೊಯ್ದ ಕಾಲ ಇತ್ತು. ಹಾಗೆ ಸಣ್ಣಗೆ ಹುಟ್ಟಿದ ಮಕ್ಕಳು ಇವತ್ತು 40, 50ರಲ್ಲಿದ್ದಾರೆ. ಈಗ ಅವರಿಗೆ ಊಟಕ್ಕೆ ಕೊರತೆಯಿಲ್ಲ, ಓಡಾಟಕ್ಕೆ ಬೈಕ್ ಇದೆ, ಹೊಟ್ಟೆ ಬಂದಿದೆ. ನಮ್ಮ ಜನಕ್ಕೆ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ದಪ್ಪ ಆದರೂ ಅಪಾಯವೇ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟಿನ ಅಳತೆ ನೋಡಬೇಡಿ. ನಮ್ಮ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಟೈಲರ್ ಟೇಪನ್ನು ಹೊಕ್ಕುಳ ಮಟ್ಟದಲ್ಲಿ ಹಿಡಿದು ಅಳೆಯಿರಿ.

ಇನ್ನು ನಿಮ್ಮ ಮನೆಗೆ ಬರೋಣ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಜಿಲ್ಲೆಯ ಹೆಸರಿನ ಮೇಲೆ ಅಲ್ಲ, ಪಿಕಪ್‌ನ ಮೇಲೆ.

ರಾತ್ರಿ ಬಾಡಿಗೆ ಹೊಡೆಯುವವರ ದಿನ ಹೇಗಿರುತ್ತದೆ ಅಂತ ನನ್ನ ರೋಗಿಗಳೇ ಹೇಳುತ್ತಾರೆ. ಸಂಜೆ ಲೋಡ್ ಆಗುತ್ತದೆ. ಚನ್ನರಾಯಪಟ್ಟಣದ ಹತ್ತಿರ ಒಂದು ಟೀ, ಹಿರೀಸಾವೆಯಲ್ಲಿ ಒಂದು, ನೆಲಮಂಗಲಕ್ಕೆ ಹೋಗುವಷ್ಟರಲ್ಲಿ ಇನ್ನೊಂದು. ಎಲ್ಲದಕ್ಕೂ ಸಕ್ಕರೆ ಧಾರಾಳ. ನಿದ್ದೆ ತಡೆಯಲು ಬೀಡಿ ಇಲ್ಲವೇ ಗುಟ್ಕಾ. ಮಾರ್ಕೆಟ್ಟಿನಲ್ಲಿ ಇಳಿಸಿದ ಮೇಲೆ ಪೂರಿಯೋ ಪರೋಟವೋ. ಮನೆಗೆ ಬಂದು ಹಗಲು ಮೂರ್ನಾಲ್ಕು ಗಂಟೆ ಅರೆನಿದ್ದೆ, ಅಷ್ಟರಲ್ಲಿ ಮತ್ತೊಂದು ಫೋನ್. ಮನೆ ಯಸಳೂರಿನಲ್ಲಿದ್ದರೂ ಈ ಮನುಷ್ಯ ನಿಜವಾಗಿ ಬದುಕುತ್ತಿರುವ ಜಾಗ ಹೆದ್ದಾರಿ. ತೋಟದ ಗಾಳಿಯಿಂದ ಅವರಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ. ನಿದ್ದೆ ಕೆಟ್ಟರೆ ಬಿಪಿ ಏರುತ್ತದೆ, ಸಕ್ಕರೆ ಹಿಡಿತ ತಪ್ಪುತ್ತದೆ, ಹಸಿವೂ ಜಾಸ್ತಿ ಆಗುತ್ತದೆ. ಜೊತೆಗೆ ತಂಬಾಕು ಸೇರಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಅವರು ಬೀಡಿ, ಗುಟ್ಕಾ, ಹೊಗೆಸೊಪ್ಪಿನ ಎಲೆಅಡಿಕೆ ಯಾವುದನ್ನಾದರೂ ಹಾಕುತ್ತಾರಾ ಅಂತ ನೀವು ಬರೆದಿಲ್ಲ. ಹಾಕುತ್ತಿದ್ದರೆ ಮೊದಲು ನಿಲ್ಲಿಸಬೇಕಾದ್ದು ಅದೇ.

ಎರಡನೆಯದು ಒಲೆ. ಸೌದೆ ಹೊಗೆ ಕಣ್ಣುರಿ, ಕೆಮ್ಮಿಗೆ ಮಾತ್ರ ಅಂದುಕೊಂಡವರು ಬಹಳ ಜನ. ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೆ ಸೇರುತ್ತವೆ. ಶ್ವಾಸಕೋಶದ ಕಾಯಿಲೆ ಜೊತೆಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವನ್ನೂ ಹೆಚ್ಚಿಸುತ್ತವೆ. ಮಳೆಗಾಲದಲ್ಲಿ ನಿಮ್ಮ ಕಡೆ ಒಣ ಸೌದೆ ಎಲ್ಲಿ ಸಿಗಬೇಕು? ಹಸಿ ಸಿಲ್ವರ್ ಓಕ್ ತುಂಡು ಒಲೆಗೆ ಹಾಕಿ, ಚಳಿಗೆ ಬಾಗಿಲು ಕಿಟಕಿ ಮುಚ್ಚಿ, ಒಲೆ ಮುಂದೆ ಊದುಗೊಳವೆ ಹಿಡಿದು ಕೂರುವುದು ನೀವು ಮತ್ತು ನಿಮ್ಮತ್ತೆ. ಹೊರಗಿನ ಗಾಳಿ ಎಷ್ಟು ಚೆನ್ನಾಗಿದ್ದರೂ ನೀವಿಬ್ಬರೂ ಉಸಿರಾಡುತ್ತಿರುವುದು ಆ ಗಾಳಿಯನ್ನಲ್ಲ. ಸಿಲಿಂಡರ್ ದುಬಾರಿ ಅನ್ನುವುದು ನನಗೆ ಗೊತ್ತು. ಕನಿಷ್ಠ ಬೆಳಗಿನ ತಿಂಡಿ, ಅನ್ನ-ಸಾರು ಗ್ಯಾಸ್ ಮೇಲೆ ಮಾಡಿ. ಸೌದೆ ಒಲೆಗೆ ಮಾಡಿನ ಮೇಲಕ್ಕೆ ಹೋಗುವ ಹೊಗೆಕೊಳವೆ ಹಾಕಿಸಿ. ಬಚ್ಚಲೊಲೆಯ ಬಾಯಿ ಹೊರಗಡೆಗೆ ಇದ್ದರೆ ಅರ್ಧ ತೊಂದರೆ ಹೋಗುತ್ತದೆ.

ಊಟದಲ್ಲಿ ನಾನು ಕೇಳುವುದು ಉಪ್ಪು ಎಷ್ಟು ಅಂತ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಾಕು. ನಮ್ಮ ಮಲೆನಾಡಿನ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿ, ಸಂಡಿಗೆ, ಒಣಮೀನು ಸೇರಿದರೆ ಅದರ ಎರಡರಷ್ಟು ಸುಲಭವಾಗಿ ಹೋಗುತ್ತದೆ. ಉಪ್ಪಿನಕಾಯಿ ಬಿಡಿ ಅಂತ ಮಲೆನಾಡಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಅತ್ತೆಯವರು ಒಂದು ಊಟಕ್ಕೆ ಮಾತ್ರ, ಅದೂ ಸ್ವಲ್ಪ ಹಾಕಿಕೊಳ್ಳಲಿ. ಬೆಳಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಆದರೆ ಶುಗರ್ ಇಳಿಯುವುದು ಕಷ್ಟ. ಒಂದು ಹೊತ್ತಿಗೆ ಅನ್ನ ಕಡಿಮೆ ಮಾಡಿ ಕಾಳು, ಸೊಪ್ಪು, ಮೊಟ್ಟೆ ಜಾಸ್ತಿ ಮಾಡಿ. ರಾಗಿ ಮುದ್ದೆ ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ಅದೂ ಸಕ್ಕರೆ ಏರಿಸುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ತೋಟ ಮಾರಿ ಬೆಂಗಳೂರಿಗೆ ಹೋಗುವುದು. ಅಲ್ಲಿ ದೊಡ್ಡ ಆಸ್ಪತ್ರೆ ಹತ್ತಿರ, ಅದು ನಿಜವಾದ ಲಾಭ. ಆದರೆ ನಿಮ್ಮನೆಯವರು ಅಲ್ಲಿ ಮಾಡುವ ಕೆಲಸ ಯಾವುದು? ಬಹುಶಃ ಅದೇ ಡ್ರೈವಿಂಗ್. ಬಾಡಿಗೆ ಮನೆ, ಸಾಲ, ಟ್ರಾಫಿಕ್ ಹೊಗೆ, ಗೊತ್ತಿಲ್ಲದ ಜನ. ಭೂಮಿ ಕಳೆದುಕೊಂಡ ಕೊರಗು ಕಾಯಿಲೆಗೆ ಕಾರಣ ಆಗುವುದನ್ನೂ ನಾನು ನೋಡಿದ್ದೇನೆ. ಮಕ್ಕಳ ಓದಿಗೆ, ಬೇರೆ ಸಂಪಾದನೆಗೆ ಹೋಗುವುದಾದರೆ ಅದು ನಿಮ್ಮ ಮನೆಯ ನಿರ್ಧಾರ. ಹೃದಯ ಉಳಿಸಿಕೊಳ್ಳಲು ತೋಟ ಮಾರಬೇಡಿ, ಇದು ನನ್ನ ಖಚಿತ ಅಭಿಪ್ರಾಯ.

ಆಂಜಿಯೋಗ್ರಾಂ. ಏನೂ ತೊಂದರೆ ಇಲ್ಲದವರಿಗೆ ಬೇಡ. ರಕ್ತನಾಳಕ್ಕೆ ಕೊಳವೆ ತೂರಿಸಿ, ಡೈ ಬಿಟ್ಟು ನೋಡುವ ಪರೀಕ್ಷೆ ಅದು. ಅಪರೂಪಕ್ಕಾದರೂ ರಕ್ತಸ್ರಾವ, ಕಿಡ್ನಿಗೆ ಪೆಟ್ಟು, ಅಲರ್ಜಿ ಆಗಬಹುದು. ಸಣ್ಣ ಅಡಚಣೆ ಕಂಡರೆ ಬೇಡದ ಸ್ಟೆಂಟ್ ಹಾಕಿಸಿಕೊಳ್ಳುವ ಒತ್ತಡವೂ ಬರುತ್ತದೆ. ಆದರೆ ಹತ್ತುವಾಗ, ಭಾರ ಎತ್ತುವಾಗ ಎದೆ ಬಿಗಿದು ಕೂತರೆ ಸರಿಹೋಗುತ್ತದೆ ಅನ್ನುವಂತಿದ್ದರೆ ಮಾತು ಬೇರೆ. ಆಗ ತಡ ಮಾಡದೆ ಹೃದ್ರೋಗ ತಜ್ಞರಿಗೆ ತೋರಿಸಿ.

ಎಕೋಸ್ಪ್ರಿನ್. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಜೀವ ಉಳಿಸುವ ಮಾತ್ರೆ. ಆರೋಗ್ಯವಾಗಿರುವವರು ದಿನಾ ನುಂಗಿದರೆ ಲಾಭಕ್ಕಿಂತ ಹೊಟ್ಟೆ, ಮಿದುಳಿನಲ್ಲಿ ರಕ್ತಸ್ರಾವದ ಭಯ ಕಡಿಮೆಯೇನಲ್ಲ. 2018ರಲ್ಲಿ ಬಂದ ದೊಡ್ಡ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಅತ್ತೆಯವರ ಥರ ಬಿಪಿ ಏರಿರುವವರಂತೂ ಸುಮ್ನೆ ನುಂಗಬಾರದು.

ಊರಲ್ಲೇ ಇದ್ದು ಪರೀಕ್ಷೆ ಮಾಡಿಸುವುದು. ನಾನು ಹೇಳುವುದು ಇದನ್ನೇ. ಬಿಪಿ, ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಒಂದು ಇಸಿಜಿ, ಸೊಂಟದ ಅಳತೆ. ಇಷ್ಟು ಸಾಕು. ಬಹುತೇಕ ಎಲ್ಲವೂ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡಿ ಮಾತ್ರೆ ಉಚಿತವಾಗಿ ಕೊಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಇದರಲ್ಲೂ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಇಸಿಜಿ ನಾರ್ಮಲ್ ಬಂದರೆ ಹೃದಯಕ್ಕೆ ಏನೂ ಆಗಲ್ಲ ಅಂತ ಅರ್ಥವಲ್ಲ. ಇಸಿಜಿ ಹೇಳುವುದು ಆ ಹೊತ್ತಿನ ಸ್ಥಿತಿಯನ್ನು ಮಾತ್ರ. ನಾರ್ಮಲ್ ರಿಪೋರ್ಟ್ ಜೇಬಿನಲ್ಲಿಟ್ಟುಕೊಂಡು ಬೀಡಿ ಮುಂದುವರಿಸಿದವರು ನನಗೆ ಗೊತ್ತು.

ಬಾಡಿಗೆ ಬಿಡಿ ಅಂತ ನಾನು ಹೇಳುವುದಿಲ್ಲ, ಹೊಟ್ಟೆಪಾಡು. ಆದರೆ ಸತತ ಎರಡು ರಾತ್ರಿ ಓಡಿಸದಂತೆ ನೋಡಿಕೊಳ್ಳಬಹುದು. ಬಂದ ದಿನ ಫೋನ್ ನಿಮ್ಮ ಕೈಗೆ ಕೊಟ್ಟು ಆರೇಳು ಗಂಟೆ ಮಲಗಬಹುದು. ಟೀಗೆ ಸಕ್ಕರೆ ಬೇಡ ಅನ್ನಬಹುದು. ಬುತ್ತಿ ಕಟ್ಟಿಕೊಡುವುದು ನಿಮಗೆ ಕೆಲಸ ಜಾಸ್ತಿ, ಆದರೆ ಬಹಳ ಉಪಯೋಗ ಇದೆ.

ಕೊನೆಗೆ, ಪಕ್ಕದ ಮನೆಯಲ್ಲಿ ಆದದ್ದು ನಿಮ್ಮಲ್ಲಿ ಆಗದಿರಲು ಒಂದು ಏರ್ಪಾಡು. ಎದೆ ಭಾರ, ಉರಿ, ಬಿಗಿತ ಹತ್ತು-ಹದಿನೈದು ನಿಮಿಷ ಬಿಡದಿದ್ದರೆ, ಅಥವಾ ಜೊತೆಗೆ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಉಸಿರುಕಟ್ಟು ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಅಂತ ನೀವು ತೀರ್ಮಾನ ಮಾಡಬೇಡಿ. ಸೋಡಾ, ಜೀರಿಗೆ ಕಷಾಯ, ಇನೋ ಅಂತ ಕಾಯಬೇಡಿ. ಗ್ಯಾಸ್ಟ್ರಿಕ್ಕೋ ಅಲ್ಲವೋ ಅಂತ ಇಸಿಜಿ ನೋಡಿ ಹೇಳಲಿ. ಹೆಂಗಸರಿಗೆ ಮತ್ತು ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ವಾಂತಿ ಬಂದರೂ ಬರಬಹುದು. 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಇರಲ್ಲ, ಮರ ಬಿದ್ದು ರಸ್ತೆ ಕಟ್ಟುತ್ತದೆ. ಹಾಗಾಗಿ ರಾತ್ರಿ ಹೊತ್ತು ಎಬ್ಬಿಸಿದರೆ ಬರುವ ಎರಡು ಗಾಡಿಯವರನ್ನು ಈಗಲೇ ಮಾತಾಡಿಸಿಟ್ಟುಕೊಳ್ಳಿ. ನೋವು ಬಂದವರೇ ಗಾಡಿ ಓಡಿಸಬಾರದು.

ನೇರ ಹಾಸನಕ್ಕೋ ಮಂಗಳೂರಿಗೋ ಓಡುವ ಮೊದಲು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ನೋವು ಶುರುವಾದ ಮೂರು ಗಂಟೆಯೊಳಗೆ ಕೊಟ್ಟರೆ ಅದರ ಲಾಭ ಅತಿ ಹೆಚ್ಚು, ತಡವಾದಷ್ಟೂ ಕಡಿಮೆ. ಈ ವಾರ ಪರೀಕ್ಷೆಗೆ ಹೋದಾಗಲೇ ಇಂಜೆಕ್ಷನ್ ರಾತ್ರಿ ಹೊತ್ತೂ ಸಿಗುತ್ತದಾ ಅಂತ ಡ್ಯೂಟಿಯಲ್ಲಿರುವವರನ್ನು ಕೇಳಿ, ಅಲ್ಲಿನ ಫೋನ್ ನಂಬರ್ ಬರೆದುಕೊಂಡು ಬನ್ನಿ.

ಅತ್ತೆಯವರನ್ನೂ ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ. ಅವರ ಜೊತೆ ವಾದ ಮಾಡಬೇಡಿ. ಬಿಪಿ ನೋಡಿಸಿ, ಬಂದ ಅಂಕಿಯನ್ನು ಡಾಕ್ಟರೇ ಅವರಿಗೆ ಹೇಳಲಿ. 140/90 ದಾಟಿದ್ದರೆ ಬಿಟ್ಟ ಮಾತ್ರೆಯನ್ನು ಯಾವ ಪ್ರಮಾಣದಲ್ಲಿ ಮತ್ತೆ ಶುರು ಮಾಡಬೇಕು ಅನ್ನುವುದನ್ನು ಡಾಕ್ಟರೇ ತೀರ್ಮಾನಿಸುತ್ತಾರೆ, ಮನೆಯಲ್ಲಿರುವ ಹಳೇ ಚೀಟಿ ನೋಡಿ ನೀವೇ ಕೊಡಬೇಡಿ. ದಿಢೀರ್ ಅಂತ ತಲೆನೋವು ಜೋರಾದರೆ, ಮಾತು ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಕೈ ಎತ್ತಲು ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು, ಪರೀಕ್ಷೆಯ ದಿನಕ್ಕೆ ಕಾಯದೆ ಆ ಕ್ಷಣವೇ ಹೊರಡಿ.